ಮೂರು ಲಕ್ಷ ಜನರಿದ್ದರೂ ನಮ್ಮ ಊರು ಇನ್ನೂ ನಗರಸಭೆಯೇ ಏಕೆ?

ಓದುಗರ ಪ್ರಶ್ನೆ: ನಮ್ಮ ಊರಿನ ಜನಸಂಖ್ಯೆ 3 ಲಕ್ಷ ದಾಟಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಅದನ್ನು ಮಹಾನಗರ ಪಾಲಿಕೆ ಎಂದು ಏಕೆ ಘೋಷಿಸಿಲ್ಲ?

ಉತ್ತರ: ಊರಿನಲ್ಲಿ ಇಂದು ಎಷ್ಟು ಜನರಿದ್ದಾರೆ ಎಂಬುದನ್ನು ಕಾನೂನು ನೋಡುವುದಿಲ್ಲ. ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯಲ್ಲಿ ಆ ಪ್ರದೇಶದ ಗಡಿಯೊಳಗೆ ಎಷ್ಟು ಜನರ ಎಣಿಕೆಯಾಗಿತ್ತು ಎಂಬುದೇ ಲೆಕ್ಕ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿದ್ದರಿಂದ ಇಷ್ಟು ವರ್ಷವೂ 2011ರ ಅಂಕಿಯೇ ಆಧಾರವಾಗಿ ಉಳಿದಿದೆ.

ಕರ್ನಾಟಕದಲ್ಲಿ 1964ರ ಪುರಸಭೆಗಳ ಅಧಿನಿಯಮದ ಪ್ರಕಾರ 10 ಸಾವಿರದಿಂದ 20 ಸಾವಿರದವರೆಗಿನ ಊರು ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. 3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ನಗರಗಳಿಗೆ 1976ರ ಪೌರ ನಿಗಮಗಳ (ಅಂದರೆ ಮಹಾನಗರ ಪಾಲಿಕೆಗಳ) ಅಧಿನಿಯಮ ಅನ್ವಯಿಸುತ್ತದೆ. (ಬೆಂಗಳೂರಿಗೆ ಈಗ ಪ್ರತ್ಯೇಕ ಕಾಯ್ದೆಯೇ ಇದೆ.)

ಆದರೆ ತಲೆ ಎಣಿಕೆಯೊಂದರಿಂದಲೇ ದರ್ಜೆ ನಿರ್ಧಾರವಾಗುವುದಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಜನಸಾಂದ್ರತೆ, ಸ್ಥಳೀಯ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ ಮತ್ತು ಆರ್ಥಿಕ ಮಹತ್ವವನ್ನೂ ಗಮನಿಸಬೇಕೆಂದು ಹೇಳುತ್ತದೆ. ಅದರಂತೆ ನಮ್ಮ ಕಾಯ್ದೆಗಳು ನಗರಸಭೆಗೆ ಚದರ ಕಿಲೋಮೀಟರಿಗೆ ಕನಿಷ್ಠ 1,500, ಪಾಲಿಕೆಗೆ 3,000 ಜನರ ಸಾಂದ್ರತೆಯನ್ನು ನಿಗದಿಪಡಿಸಿವೆ. ದುಡಿಯುವವರಲ್ಲಿ ಅರ್ಧದಷ್ಟಾದರೂ ಮಂದಿ ಕೃಷಿಯೇತರ ಕೆಲಸದಲ್ಲಿರಬೇಕೆಂಬ ಷರತ್ತು ಎರಡಕ್ಕೂ ಇದೆ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಗೊಂದಲಕ್ಕೆ ಕಾರಣ ಗಡಿ. ವರ್ತುಲ ರಸ್ತೆಯ ಆಚೆ ಸಾಲುಸಾಲಾಗಿ ಬಡಾವಣೆಗಳು ಎದ್ದಿರುತ್ತವೆ, ನಗರ ಸಾರಿಗೆ ಬಸ್ಸು ಅಲ್ಲಿಯವರೆಗೂ ಹೋಗುತ್ತದೆ, ಅಲ್ಲಿನವರು ವಿಳಾಸದಲ್ಲಿ ನಗರದ ಹೆಸರನ್ನೇ ಬರೆಯುತ್ತಾರೆ. ಆದರೆ ಮನೆ ಕಂದಾಯ ಕಟ್ಟುವುದು ಪಕ್ಕದ ಗ್ರಾಮ ಪಂಚಾಯಿತಿಗೆ. ನಾವು ಕಣ್ಣಾರೆ ಕಾಣುವ ಊರಿನಲ್ಲಿ ಅವರಿದ್ದಾರೆ, ಕಾನೂನಿನ ಊರಿನಲ್ಲಿ ಇಲ್ಲ. ಒಳಚರಂಡಿ ನಗರದ ಗಡಿಗೇ ನಿಂತುಬಿಟ್ಟರೆ ಅದರ ಕಷ್ಟ ಉಣ್ಣುವವರೂ ಅವರೇ. ಅಂತಹ ಪ್ರದೇಶಗಳು ನಗರಕ್ಕೆ ಸೇರಿದಾಗ ಲೆಕ್ಕವೇ ಬದಲಾಗುತ್ತದೆ. 2011ರ ಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ 3,22,650 ಇದ್ದರೆ ತುಮಕೂರಿನದು 3,02,143, ಅಂದರೆ ಮಿತಿಗಿಂತ ಎರಡು ಸಾವಿರ ಚಿಲ್ಲರೆಯಷ್ಟೇ ಹೆಚ್ಚು. ಇಂದು ಎರಡೂ ಮಹಾನಗರ ಪಾಲಿಕೆಗಳು. ಹತ್ತಾರು ಬೀದಿಗಳು ಗಡಿಯ ಒಳಗೋ ಹೊರಗೋ ಎಂಬುದು ಇಂತಹ ಕಡೆ ದರ್ಜೆಯನ್ನೇ ನಿರ್ಧರಿಸಬಲ್ಲದು.

ಎಲ್ಲ ಷರತ್ತುಗಳು ಪೂರೈಸಿದರೂ ಊರು ತಾನಾಗಿಯೇ ಮೇಲ್ದರ್ಜೆಗೆ ಏರುವುದಿಲ್ಲ. ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಅವುಗಳನ್ನು ಪರಿಶೀಲಿಸಿದ ಬಳಿಕ ಅಂತಿಮ ಅಧಿಸೂಚನೆ ಬರಬೇಕು. ಸೇರ್ಪಡೆಯಾಗಲಿರುವ ಹಳ್ಳಿಯವರು ದಯವಿಟ್ಟು ಕರಡು ಬಂದಾಗಲೇ ಅದನ್ನು ಓದಬೇಕು, ಏಕೆಂದರೆ ನಗರಕ್ಕೆ ಸೇರಿದ ಮೇಲೆ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಸಿಗುವುದಿಲ್ಲ, ಆಸ್ತಿ ತೆರಿಗೆಯ ಲೆಕ್ಕಾಚಾರವೂ ಬೇರೆಯಾಗುತ್ತದೆ.