‘ನಾನು ಅಂಥವನಲ್ಲ ಡಾಕ್ಟರೇ’

ಎಚ್‌ಐವಿ ಪರೀಕ್ಷೆಗೆ ಬರುವ ಗಂಡಸರಲ್ಲಿ ಹಲವರು ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಡುವ ಮಾತಿದು. ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಆಗೊಮ್ಮೆ ಈಗೊಮ್ಮೆ ಗಂಡಸಿನೊಂದಿಗೆ ಮಲಗಿದ್ದುಂಟು, ಅಷ್ಟೆ. ಅವರು ಸುಳ್ಳು ಹೇಳುತ್ತಿಲ್ಲ. ಗಂಡಸರೊಂದಿಗೆ ಸಂಪರ್ಕವಿರುವ ಎಲ್ಲರೂ ತಮ್ಮನ್ನು ಸಲಿಂಗಿ ಎಂದುಕೊಳ್ಳುವುದಿಲ್ಲ, ಎಂದುಕೊಳ್ಳಲೇಬೇಕೆಂದೂ ಇಲ್ಲ. ಹಾಗಾಗಿ ‘ನೀವು ಸಲಿಂಗಿಯೇ?’ ಎಂದು ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಸಂಪರ್ಕ ಗಂಡಸರೊಂದಿಗೋ, ಹೆಂಗಸರೊಂದಿಗೋ, ಇಬ್ಬರೊಂದಿಗೂ ಇದೆಯೋ, ಗುದಸಂಭೋಗವಾಗಿದ್ದರೆ ಯಾವ ಪಾತ್ರದಲ್ಲಿ, ಕಾಂಡೋಮ್ ಬಳಸಿದ್ದರೇ, ಕೊನೆಯ ಬಾರಿ ಯಾವಾಗ? ಇಷ್ಟು ಗೊತ್ತಾದರೆ ಸಾಕು.

ಪಾತ್ರ ಯಾವುದೆಂದು ಕೇಳುವುದು ಕುತೂಹಲಕ್ಕಲ್ಲ. ಗುದನಾಳದ ಲೋಳೆಪೊರೆಯಲ್ಲಿ ಜೀವಕೋಶಗಳದ್ದು ಒಂದೇ ಸಾಲು. ಯೋನಿಯ ಒಳಪೊರೆಗೆ ಹಲವು ಪದರಗಳಿವೆ. ಗುದನಾಳದ ಆ ತೆಳು ಪೊರೆಯ ಅಡಿಯಲ್ಲೇ ವೈರಸ್‌ಗೆ ಬೇಕಾದ ರೋಗನಿರೋಧಕ ಕೋಶಗಳು ಕಿಕ್ಕಿರಿದಿರುತ್ತವೆ. ಚಿಕಿತ್ಸೆ ಪಡೆಯದ ಸೋಂಕಿತ ಸಂಗಾತಿಯೊಂದಿಗೆ ಕಾಂಡೋಮ್ ಇಲ್ಲದ ಪ್ರತಿ 10,000 ಗುದಸಂಭೋಗಗಳಲ್ಲಿ ಸ್ವೀಕರಿಸುವವನಿಗೆ ಸೋಂಕು ತಗಲುವುದು ಸುಮಾರು 138 ಬಾರಿ, ಪ್ರವೇಶಿಸುವವನಿಗೆ ಸುಮಾರು 11 ಬಾರಿ ಎಂಬುದು ಅಂದಾಜು. ‘ಮಾಡುವವನು ನಾನು, ನನಗೇನಾಗುತ್ತದೆ?’ ಎನ್ನುವವರು ಆ ಎರಡನೆಯ ಸಂಖ್ಯೆಯನ್ನು ಸೊನ್ನೆ ಎಂದು ಓದಿಕೊಳ್ಳುತ್ತಾರೆ. ಲೈಂಗಿಕ ರೋಗವಾದ ಸಿಫಿಲಿಸ್‌ನ ಹುಣ್ಣೊಂದಿದ್ದರೆ ಅದು ಇನ್ನಷ್ಟು ಏರುತ್ತದೆ. ಸಂಗಾತಿಗೆ ಸೋಂಕು ತಗಲಿ ಕೆಲವೇ ವಾರಗಳಾಗಿದ್ದರೂ ಅಷ್ಟೇ: ರಕ್ತದಲ್ಲಿ ವೈರಸ್ ಉಕ್ಕಿರುತ್ತದೆ, ಪರೀಕ್ಷೆ ಮಾತ್ರ ಇನ್ನೂ ‘ನೆಗೆಟಿವ್’ ಎನ್ನುತ್ತಿರಬಹುದು.

ಹಾಗೆಂದು ‘ಸಲಿಂಗಿ’ ಎಂಬ ಗುರುತಿಗೆ ಬೆಲೆಯೇ ಇಲ್ಲವೆಂದಲ್ಲ. ಗುಟ್ಟಾಗಿ, ಅವಸರದಲ್ಲಿ ನಡೆಯುವ ಸಂಪರ್ಕದಲ್ಲಿ ಕಾಂಡೋಮ್ ಹೊರತೆಗೆಯುವ ವ್ಯವಧಾನವಿರುವುದಿಲ್ಲ. ಇದ್ದರೂ ಕೈಗೆ ಸಿಕ್ಕ ಎಣ್ಣೆ ಸವರಿ ಕಾಂಡೋಮಿನ ಲೇಟೆಕ್ಸ್ ರಬ್ಬರನ್ನು ಹಾಳು ಮಾಡಿಕೊಳ್ಳುತ್ತಾರೆ. ನೀರು ಅಥವಾ ಸಿಲಿಕೋನ್ ಆಧಾರಿತ ಜೆಲ್ ಬೇಕು. ‘ಸಲಿಂಗಿಗಳಿಗಾಗಿ’ ಎಂಬ ಫಲಕವಿರುವ ಬಾಗಿಲನ್ನು ಈ ವಿವಾಹಿತ ತಟ್ಟುವುದಿಲ್ಲ. ಸಾಮಾನ್ಯ ವೈದ್ಯರ ಬಳಿ ಹೋದರೆ ಮೂತ್ರ ಪರೀಕ್ಷೆಯಷ್ಟೇ ಆಗುತ್ತದೆ. ಗುದನಾಳದ, ಗಂಟಲಿನ ಗೊನೊರಿಯಾ ಎಂಬ ಲೈಂಗಿಕ ಸೋಂಕು ಹೆಚ್ಚಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ, ಮೂತ್ರದಲ್ಲಿ ಸಿಗುವುದೂ ಇಲ್ಲ. ಅಲ್ಲಿಂದಲೇ ಸ್ವಾಬ್, ಅಂದರೆ ಹತ್ತಿಕಡ್ಡಿಯಲ್ಲಿ ಮಾದರಿ, ತೆಗೆಯಬೇಕು. ಅದಕ್ಕೆ ಮೊದಲು ವೈದ್ಯರು ಕೇಳಬೇಕು. ಮುಜುಗರ ರೋಗಿಗಿಂತ ನಮ್ಮವರಿಗೇ ಜಾಸ್ತಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ದಾರಿಗಳು ಈಗ ಹಲವಿವೆ. ಅಪಾಯದ ಸಂಪರ್ಕವಾಗಿ 72 ಗಂಟೆ ದಾಟಿರದಿದ್ದರೆ 28 ದಿನಗಳ ತುರ್ತು ಔಷಧಿ ಕ್ರಮ ‘ಪೆಪ್’ ಇದೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಸೋಂಕಿತ ಸಂಗಾತಿ ಚಿಕಿತ್ಸೆಯಲ್ಲಿದ್ದು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ ‘ಪಾರ್ಟ್‌ನರ್ 2’ ಅಧ್ಯಯನ ಇಂಥ 782 ಪುರುಷ ಜೋಡಿಗಳನ್ನು ಗಮನಿಸಿತ್ತು. ಕಾಂಡೋಮ್ ಇಲ್ಲದ ಸುಮಾರು 76,000 ಗುದಸಂಭೋಗಗಳಲ್ಲಿ ಒಬ್ಬನಿಗೂ ಸಂಗಾತಿಯಿಂದ ಸೋಂಕು ತಗಲಲಿಲ್ಲ.

ಎಚ್‌ಐವಿ ತಗಲದಂತೆ ಮುನ್ನೆಚ್ಚರಿಕೆಯಾಗಿ ನುಂಗುವ ‘ಪ್ರೆಪ್’ ಮಾತ್ರೆಯ ಬಗ್ಗೆ ವಿವಾಹಿತರ ಮೊದಲ ಅಂಜಿಕೆ ಅಡ್ಡಪರಿಣಾಮದ್ದಲ್ಲ, ಡಬ್ಬಿ ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೀತೆಂಬುದು. ಅಪರೂಪಕ್ಕೆ ಸಂಪರ್ಕವಿರುವವರು ದಿನವೂ ನುಂಗಬೇಕಿಲ್ಲ: ಸಂಪರ್ಕಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆ ಮೊದಲ ಡೋಸಿನಿಂದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಶುರುಮಾಡುವ ಮುನ್ನ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಹೆಪಟೈಟಿಸ್ ಬಿ ಇದ್ದವರಿಗೆ ಈ ಬಿಟ್ಟುಬಿಟ್ಟು ನುಂಗುವ ಕ್ರಮ ಬೇಡ. ಮಾತ್ರೆ ನಿಲ್ಲಿಸಿದಾಗ ಯಕೃತ್ತಿನ ರೋಗ ಕೆರಳಬಹುದು.