ಕೆರೆ ಮುಚ್ಚಲು ಅನುಮತಿ ಕೊಡುವವರು ಯಾರು?

ಕೆರೆ ಮುಚ್ಚಲು ಅನುಮತಿ ಎಂಬ ಕಾಗದ ಕರ್ನಾಟಕದಲ್ಲಿ ಇಲ್ಲ. ಆದರೂ ಕೆರೆ ಅಂಗಳದಲ್ಲಿ ಸೈಟ್ ಕೊಂಡವರು ನೋಟಿಸ್ ಹಿಡಿದು ಬಂದಾಗ ಹೇಳುವ ಮೊದಲ ಮಾತು, ‘ಎಲ್ಲಾ ಪರ್ಮಿಷನ್ ಇದೆ ಸಾರ್’ ಎಂದೇ. ಫೈಲ್ ತೆರೆದರೆ ಭೂಪರಿವರ್ತನೆ ಆದೇಶ, ಲೇಔಟ್ ನಕ್ಷೆ, ಖಾತಾ, ತೆರಿಗೆ ರಸೀದಿ ಇರುತ್ತವೆ. ಇವುಗಳಲ್ಲಿ ಯಾವುದೂ ಕೆರೆಗೆ ಮಣ್ಣು ಸುರಿಯಲು ಹಕ್ಕು ಕೊಡುವುದಿಲ್ಲ. ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನ ಪರಿವರ್ತನೆ ಖಾಸಗಿ ಸಾಗುವಳಿ ಜಮೀನಿಗೆ ಮಾತ್ರ. ಅದೇ ಸರ್ವೆ ನಂಬರಿನೊಳಗೆ ಕಾಲುವೆಯೋ ಹಳ್ಳವೋ ‘ಬಿ’ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ಸಾಗುವಳಿಯಿಲ್ಲದ ಜಾಗ, ಎಂದು ಬಿಟ್ಟಿದ್ದರೆ ಅದು ಸರ್ಕಾರದ್ದಾಗಿಯೇ ಉಳಿಯುತ್ತದೆ. ತೆರಿಗೆ ಕಟ್ಟಿದ್ದಕ್ಕೆ ಅದು ನಿಮ್ಮದಾಗುವುದಿಲ್ಲ.

ಅಮೆರಿಕದಲ್ಲಿ ಅಂಥ ಕಾಗದ ನಿಜಕ್ಕೂ ಇದೆ. 1972ರ ಕ್ಲೀನ್ ವಾಟರ್ ಆಕ್ಟ್‌ನ 404ನೇ ಸೆಕ್ಷನ್ ಪ್ರಕಾರ ಸೇನೆಯ ಎಂಜಿನಿಯರುಗಳ ದಳಕ್ಕೆ ಅರ್ಜಿ ಹಾಕಬೇಕು. ಇಷ್ಟು ಹಾನಿ ಇಲ್ಲದ ಬೇರೆ ಜಾಗವೋ ದಾರಿಯೋ ಇದೆಯಾ ಎಂದು ಅವರು ಮೊದಲು ಕೇಳುತ್ತಾರೆ. ಇಲ್ಲ ಎಂದಾದರೆ ಹಾನಿ ಆದಷ್ಟು ಕಡಿಮೆ ಮಾಡಬೇಕು. ಉಳಿದದ್ದಕ್ಕೆ ಬೇರೆ ಕಡೆ ಬದಲಿ ಜೌಗು ಮಾಡಿಕೊಡಬೇಕು.

ಈ ‘ಬದಲಿ’ಯ ಯೋಚನೆ ನಮ್ಮಲ್ಲೂ ಬಂದಿತ್ತು. ಗ್ರೇಟರ್ ನೋಯ್ಡಾದ ಒಂದು ಹಳ್ಳಿಯ ಕೆರೆ ಜಾಗವನ್ನು ಕೈಗಾರಿಕೆಗೆ ಕೊಟ್ಟು, ಬೇರೆ ಕಡೆ ಅದಕ್ಕಿಂತ ದೊಡ್ಡ ಕೆರೆ ತೋಡುತ್ತೇವೆ ಎಂದು ಅಲ್ಲಿನ ಅಧಿಕಾರಿಗಳು ವಾದಿಸಿದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಬೇರೆಲ್ಲೋ ಗುಂಡಿ ತೋಡಿದರೆ ಈ ಊರಿನ ಜನಕ್ಕೂ ದನಕ್ಕೂ ನೀರು ಸಿಗುತ್ತದಾ ಎಂಬುದೇ ಅಲ್ಲಿದ್ದ ಪ್ರಶ್ನೆ. ಜಾಗ ಕೊಟ್ಟ ಆದೇಶ ರದ್ದಾಯಿತು, ಕೆರೆಯನ್ನು ಮತ್ತೆ ಸರಿಮಾಡಿ ಎಂಬ ಆದೇಶ ಬಂತು. ನನ್ನ ಮಟ್ಟಿಗೆ ಕೆರೆ ವಿಚಾರದಲ್ಲಿ ಇದು ಬಹಳ ಗಟ್ಟಿ ತೀರ್ಪು. ನಮ್ಮ ಅರ್ಜಿಗಳಲ್ಲಿ ಅದನ್ನು ಯಾಕೋ ಕಡಿಮೆ ಬಳಸುತ್ತೇವೆ.

‘ನೀರೇ ಇಲ್ಲ, ಇಪ್ಪತ್ತು ವರ್ಷದಿಂದ ಒಣಗಿದೆ’ ಎನ್ನುವ ವಾದವೂ ನಿಲ್ಲುವುದಿಲ್ಲ. 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಉತ್ತರ ಪ್ರದೇಶದ ಒಂದು ಹೊಂಡದ ಜಾಗವನ್ನು ಮನೆ ಕಟ್ಟಲು ಹಂಚಿದ್ದರು. ಸುಪ್ರೀಂ ಕೋರ್ಟ್ ಅದನ್ನು ತೆರವು ಮಾಡಿಸಿತು. ದುಡ್ಡು ಕಟ್ಟಿಸಿಕೊಂಡು ಇಂಥ ಒತ್ತುವರಿಯನ್ನು ಸಕ್ರಮ ಮಾಡುವಂತಿಲ್ಲ ಎಂದು 2011ರ ಜಗ್ಪಾಲ್ ಸಿಂಗ್ ತೀರ್ಪು ಹೇಳಿತು. ಹಾಗಾಗಿ ಇವತ್ತು ಜಾಗ ಒದ್ದೆ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಗ್ರಾಮನಕ್ಷೆ, ಆಕಾರ್‌ಬಂದ್, ಟಿಪ್ಪಣಿ ಎಂಬ ಸರ್ವೆ ದಾಖಲೆಗಳಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ಪಹಣಿಯೊಂದನ್ನೇ ನೋಡಿ ಸೈಟ್ ಕೊಳ್ಳಬೇಡಿ.

ಕಾನೂನಿನಲ್ಲಿ ಒಂದು ದೊಡ್ಡ ತೂತೂ ಇದೆ. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ಒತ್ತುವರಿ, ಕಸ ಸುರಿಯುವುದು, ಕೊಳಚೆ ಬಿಡುವುದನ್ನೆಲ್ಲ ನಿಷೇಧಿಸುತ್ತವೆ. ಕಳೆದ ಹತ್ತು ವರ್ಷದ ಸರಾಸರಿ ನೆರೆ ಮಟ್ಟದಿಂದ 50 ಮೀಟರ್‌ವರೆಗೆ ದೋಣಿಕಟ್ಟೆ ಬಿಟ್ಟು ಬೇರೆ ಶಾಶ್ವತ ಕಟ್ಟಡ ಕೂಡದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಜೌಗುಪ್ರದೇಶ ಎಂದರೇನು ಎಂದು ಹೇಳುವ ಕಡೆ ನೀರಾವರಿಗೆ, ಕುಡಿಯುವ ನೀರಿಗೆ ಎಂದೇ ಮನುಷ್ಯರು ಕಟ್ಟಿದ ನೀರಿನ ತಾಣಗಳನ್ನು ಹೊರಗಿಟ್ಟಿದ್ದಾರೆ. ನಮ್ಮ ಬಯಲುಸೀಮೆಯ ಕೆರೆಗಳು ಹೆಚ್ಚುಕಡಿಮೆ ಎಲ್ಲವೂ ಹಾಗೆ ಕಟ್ಟಿದವೇ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಬೇಸಾಯಕ್ಕೆಂದೇ ಕಟ್ಟಿದವು. ಹಕ್ಕಿಗಳು ಬಂದವು, ಸಂರಕ್ಷಣಾ ಮೀಸಲು ಎಂದು ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದವು. ಹಕ್ಕಿ ಬಾರದ ಪಕ್ಕದೂರಿನ ಕೆರೆಗೆ ಆ ಭಾಗ್ಯ ಇಲ್ಲ.

ಆ ಕೆರೆಗೆ ಇರುವುದು ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ. ಕೆರೆಯೊಳಗೆ ಕಟ್ಟುವುದು, ತ್ಯಾಜ್ಯ ಸುರಿಯುವುದು, ಏರಿ ಒಡೆಯುವುದು, ಕೋಡಿ ತಗ್ಗಿಸಿ ನೀರಿನ ಮಟ್ಟ ಇಳಿಸುವುದು ಇದರಡಿ ತಪ್ಪು. ದೂರು ಬರೆಯುವಾಗ ಕೇಂದ್ರದ ನಿಯಮವನ್ನೇ ಎತ್ತಿಕೊಂಡು ಹೋದರೆ ಎದುರಿನ ವಕೀಲರು ‘ಇದು ನೀರಾವರಿ ಕೆರೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. 2014ರ ಕಾಯ್ದೆಯನ್ನು ಮೊದಲು ಹಿಡಿಯಿರಿ.

ಕೆರೆ ಅಂಚಿನಿಂದ ಕಟ್ಟಡವಿಲ್ಲದೆ ಬಿಡಬೇಕಾದ ಅಂತರದ (ಬಫರ್) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿತು, ಮಾಸ್ಟರ್ ಪ್ಲಾನಿನ 30 ಮೀಟರ್ ಉಳಿಯಿತು. ಜಗ್ಗಾಟ ಆಮೇಲೂ ನಿಂತಿಲ್ಲ. ಆದರೆ ಬಫರ್ ಎಷ್ಟೇ ಇರಲಿ, ಕೆರೆಯ ಮೂಲ ವಿಸ್ತೀರ್ಣಕ್ಕೆ ಅದರಿಂದ ಏನೂ ಬದಲಾಗುವುದಿಲ್ಲ.

ಇನ್ನು ಹೂಳು. ಮುಚ್ಚಲು ಅನುಮತಿ ಇಲ್ಲ, ಹೂಳೆತ್ತಲು ಇದೆ. ಕೆರೆಯ ಅಚ್ಚುಕಟ್ಟು (ಅದರ ನೀರು ಉಣ್ಣುವ ಜಮೀನು) 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ವ್ಯವಸ್ಥೆಯ ಕಡೆ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯ ಕಡೆ ಕೇಳಬೇಕು. ಜಲಾಶಯ, ಕಾಲುವೆಗಳ ನಿರ್ವಹಣೆಗೆ ಹೂಳು ತೆಗೆಯುವುದಕ್ಕೂ, ಹಳ್ಳಿಯವರು ಸ್ವಂತಕ್ಕೆ ರೂಢಿಯಂತೆ ಮಣ್ಣು ಒಯ್ಯುವುದಕ್ಕೂ 2016ರ ಜನವರಿಯ ಕೇಂದ್ರದ ಅಧಿಸೂಚನೆ ಪರಿಸರ ಅನುಮೋದನೆಯಿಂದ ವಿನಾಯಿತಿ ಕೊಟ್ಟಿದೆ. ಗುತ್ತಿಗೆದಾರರು ಇದನ್ನೇ ತೋರಿಸಿ ‘ಯಾರ ಅನುಮತಿಯೂ ಬೇಡ’ ಎನ್ನುತ್ತಾರೆ. ಹಾಗಲ್ಲ. ವಿನಾಯಿತಿ ಪರಿಸರ ಅನುಮೋದನೆಗೆ ಮಾತ್ರ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಒಪ್ಪಿಗೆ ಬೇಕೇ ಬೇಕು. ರೈತರ ಟ್ರ್ಯಾಕ್ಟರ್ ಹೊಲಕ್ಕೆ ಗೋಡು ಹೊಡೆಯುವುದಕ್ಕೂ ರಾತ್ರಿ ಟಿಪ್ಪರ್ ಬಂದು ತೊಳೆದು ಫಿಲ್ಟರ್ ಮರಳು ಮಾಡಲು ಮಣ್ಣು ಎತ್ತುವುದಕ್ಕೂ ಹೋಲಿಕೆಯೇ ಇಲ್ಲ.

ಹೂಳೆತ್ತುವ ಆದೇಶ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬ ಸಾಲು. ಎಷ್ಟು ಆಳ ಎಂಬುದು ಆಮೇಲೆ. ನಗರಗಳಲ್ಲಿ ಹೂಳನ್ನು ಹೊರಗೆ ಸಾಗಿಸುವ ಬದಲು ಅಂಚಿಗೆ ಒತ್ತಿ, ಅದರ ಮೇಲೆ ವಾಕಿಂಗ್ ಪಾತ್ ಮಾಡಿ, ಮಧ್ಯೆ ದ್ವೀಪ ಕಟ್ಟಿ ‘ಅಭಿವೃದ್ಧಿ’ ಎನ್ನುವುದುಂಟು. ಹೂಳೆತ್ತುವ ಹೆಸರಿನಲ್ಲಿ ಕೆರೆ ಮುಚ್ಚುವುದು ಎಂದರೆ ಇದೇ. ಇದನ್ನು ಪ್ರಶ್ನಿಸುವವರು ಕೆಲಸಕ್ಕೆ ಮುಂಚಿನ ವಿಸ್ತೀರ್ಣ, ನೀರು ಹಿಡಿಯುವ ಸಾಮರ್ಥ್ಯ ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬೇಕು.

ಆಳದ ವಿಚಾರದಲ್ಲಿ ಎರಡು ಷರತ್ತು ಇರಲೇಬೇಕು. ಏರಿಯ ಬುಡದಿಂದ ದೂರ ಅಗೆಯಬೇಕು, ಇಲ್ಲದಿದ್ದರೆ ಏರಿ ಕುಸಿಯುವ ಭಯ. ಅಚ್ಚುಕಟ್ಟಿಗೆ ನೀರು ಬಿಡುವ ಕೆರೆಯಾದರೆ ತೂಬಿನ ತಳಮಟ್ಟಕ್ಕಿಂತ ಕೆಳಗೆ ತೋಡಿ ಗದ್ದೆಗೆ ಪ್ರಯೋಜನವಿಲ್ಲ, ಅಲ್ಲಿ ನಿಂತ ನೀರು ತೂಬಿಗೆ ಏರುವುದಿಲ್ಲ. ಉಲ್ಲಂಘನೆ ಕಂಡರೆ ಬೇಸಿಗೆಯಲ್ಲೇ ಅರ್ಜಿ ಹಾಕಿ, ಎಂಜಿನಿಯರರಿಂದ ಅಳತೆ ಮಾಡಿಸಿ, ಮಹಜರು ಬರೆಸಿ. ಮಳೆ ಬಿದ್ದು ಕೆರೆ ತುಂಬಿದ ಮೇಲೆ ಎಷ್ಟು ಅಗೆದಿದ್ದರು ಎಂದು ತೋರಿಸಲು ಮುಂದಿನ ಬೇಸಿಗೆವರೆಗೆ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ಬಿಲ್ ಪಾಸಾಗಿರುತ್ತದೆ.