ಲಂಡನ್ನಿನಲ್ಲಿ ಮುಂಗೋಡೆ ಮಾತ್ರ ಯಾಕೆ ಉಳಿಯುತ್ತದೆ?

ಲಂಡನ್ನಿನ ಬೀದಿಗಳಲ್ಲಿ ಓಡಾಡಿದವರು ಇದನ್ನು ನೋಡಿರುತ್ತಾರೆ. ನೂರು ವರ್ಷ ಹಳೆಯ ಇಟ್ಟಿಗೆ ಗೋಡೆಯೊಂದು ಒಂಟಿಯಾಗಿ ನಿಂತಿರುತ್ತದೆ. ಕಿಟಕಿಯೊಳಗೆ ಇಣುಕಿದರೆ ಕೋಣೆಯಿಲ್ಲ, ಆಕಾಶ! ಗೋಡೆ ಬೀಳದ ಹಾಗೆ ಉಕ್ಕಿನ ಚೌಕಟ್ಟು ಕಟ್ಟಿ, ಅದರ ಬುಡಕ್ಕೆ ಕಾಂಕ್ರೀಟಿನ ಭಾರ ಹೇರಿರುತ್ತಾರೆ. ಒಳಗಿನದೆಲ್ಲ ಕೆಡವಿದ ಮೇಲೆ ಅಲ್ಲಿ ಫ್ಲ್ಯಾಟು, ಆಫೀಸು ಏಳುತ್ತವೆ. ಹಳೆ ಗೋಡೆಯನ್ನು ಹೊಸ ಕಟ್ಟಡಕ್ಕೆ ಬಿಗಿದು, ಉಕ್ಕನ್ನು ಬಿಚ್ಚುತ್ತಾರೆ. ಇದಕ್ಕೆ ಅಲ್ಲಿ ಫಸಾಡಿಸಂ ಎನ್ನುತ್ತಾರೆ, ಹೆಚ್ಚಾಗಿ ಬೈಗುಳದ ಧಾಟಿಯಲ್ಲೇ.

ಹಳೆಯದರ ಮೇಲಿನ ಪ್ರೀತಿಯಿಂದ ಶುರುವಾದ ಪದ್ಧತಿ ಅಂದುಕೊಂಡರೆ ಅರ್ಧ ಮಾತ್ರ ಸರಿ. 1960ರ ದಶಕದ ಆರಂಭದಲ್ಲಿ ಯೂಸ್ಟನ್ ರೈಲು ನಿಲ್ದಾಣದ ಹೆಬ್ಬಾಗಿಲನ್ನು ಕೆಡವಿದರು. 1962ರಲ್ಲಿ ಕಲ್ಲಿದ್ದಲು ವ್ಯಾಪಾರದ ಹಳೇ ಕಟ್ಟಡ ಕೋಲ್ ಎಕ್ಸ್‌ಚೇಂಜ್ ಕೂಡ ಹೋಯಿತು. ಜನ ಸಿಟ್ಟಾದರು. 1967ರಲ್ಲಿ ಬಂದ ಹೊಸ ಕಾಯ್ದೆ, ಬಿಡಿ ಕಟ್ಟಡಗಳ ಜೊತೆಗೆ ಇಡೀ ಪ್ರದೇಶಗಳಿಗೂ ರಕ್ಷಣೆ ಕೊಟ್ಟಿತು. ತೊಡಕು ಇಲ್ಲೇ ಇದೆ. ಸರ್ಕಾರದ ಪಟ್ಟಿ ಸೇರಿದ ಕಟ್ಟಡಕ್ಕೆ ಒಳಗೂ ಹೊರಗೂ ರಕ್ಷಣೆ ಉಂಟು. ಪಟ್ಟಿಯಲ್ಲಿಲ್ಲದೆ, ಸಂರಕ್ಷಿತ ಪ್ರದೇಶದಲ್ಲಿ ಸುಮ್ನೆ ನಿಂತಿರುವ ಕಟ್ಟಡದ ಒಳಭಾಗಕ್ಕೆ ಅಂಥ ರಕ್ಷಣೆ ಇಲ್ಲ. ಬೀದಿಯ ಸ್ವಭಾವ, ನೋಟ ಕೆಡಬಾರದು, ಅಷ್ಟೇ. ಮುಂಗೋಡೆ ಉಳಿದರೆ ನೋಟ ಉಳಿದ ಹಾಗೆ, ಅಲ್ವಾ?

ಬಿಲ್ಡರ್‌ಗಳಿಗೆ ಇದು ಒಪ್ಪಿತವಾಯಿತು. ಹಳೇ ಗೋದಾಮಿನ ಕಂಬಗಳು, ಮಹಡಿಯ ಎತ್ತರಗಳು ಏಸಿ ಕೊಳವೆ, ಕೇಬಲ್ಲು ಬೇಡುವ ಆಫೀಸಿಗೆ ಹೊಂದುವುದಿಲ್ಲ. ಎಲ್ಲ ತೆಗೆದು ಹೊಸದಾಗಿ ಕಟ್ಟಿದರೆ ಬಾಡಿಗೆಗೆ ಕೊಡುವ ಜಾಗವೂ ಜಾಸ್ತಿ.

ಮನೆ ಕಟ್ಟುವವರಿಗೆ ತೆರಿಗೆಯ ಆಸೆಯೂ ಇದೆ. ಹೊರಗಿನವರ ಕಣ್ಣಿಗೆ ಬೀಳದ ಕಾರಣ ಇದು, ನನಗಂತೂ ಬಹಳ ಮುಖ್ಯ ಅನಿಸುತ್ತದೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಇರುವ ಕಟ್ಟಡದ ದುರಸ್ತಿಗೆ ಸಾಮಾನ್ಯವಾಗಿ ಶೇ 20. ಹಳೆಯದನ್ನು ನೆಲಸಮ ಮಾಡಿದರೆ ಮಾತ್ರ ಹೊಸದು ಎಂಬ ಲೆಕ್ಕ. ಆದರೆ ಕಟ್ಟಡದ ಅನುಮತಿಯಲ್ಲೇ ಷರತ್ತಿದ್ದರೆ ಒಂದು ಮುಂಗೋಡೆಯನ್ನು, ಮೂಲೆ ಸೈಟಾದರೆ ಎರಡನ್ನು, ಉಳಿಸಿಕೊಂಡರೂ ಅದು ಹೊಸದೇ! ಅದಕ್ಕಿಂತ ಜಾಸ್ತಿ ಉಳಿಸಿದರೆ ರಿಯಾಯಿತಿ ಕೈತಪ್ಪಬಹುದು. ಚರ್ಮ ಉಳಿಸಿ ಒಡಲು ತೆಗೆಯುವವನಿಗೆ ಬಹುಮಾನ, ಪೂರ್ತಿ ರಿಪೇರಿ ಮಾಡುವವನಿಗೆ ದಂಡ.

ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಕ್ಯಾಲಡೋನಿಯನ್ ರಸ್ತೆಯ ಒಂದು ವಿದ್ಯಾರ್ಥಿ ನಿಲಯ ನೋಡಬೇಕು. ವಿಕ್ಟೋರಿಯಾ ಕಾಲದ ಗೋದಾಮಿನ ಮುಂಗೋಡೆಯ ಹಿಂದೆ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ವಿದ್ಯಾರ್ಥಿಗಳಿಗೆ ಕೋಣೆ ಕಟ್ಟಿದರು. ಹೊಸ ಮಹಡಿಗಳಿಗೂ ಹಳೇ ಕಿಟಕಿಗಳಿಗೂ ತಾಳವೇ ಸೇರಲಿಲ್ಲ. ಕೆಲವು ಕೋಣೆಗಳ ಕಿಟಕಿಗೆ ಎದುರಾಗಿದ್ದು ಅದೇ ಹಳೇ ಇಟ್ಟಿಗೆ. ಇಸ್ಲಿಂಗ್ಟನ್ ಕೌನ್ಸಿಲ್ ಬೇಡ ಅಂದಿತ್ತು, ಮೇಲ್ಮನವಿಯಲ್ಲಿ ಅನುಮತಿ ಸಿಕ್ಕಿತು. 2013ರಲ್ಲಿ ಇದಕ್ಕೆ ಕಾರ್ಬಂಕಲ್ ಕಪ್ ಬಂತು. ಬ್ರಿಟನ್ನಿನ ಅತಿ ಕೆಟ್ಟ ಹೊಸ ಕಟ್ಟಡಕ್ಕೆ ವಾಸ್ತುಶಿಲ್ಪ ಪತ್ರಿಕೆಯೊಂದು ಕೊಡುತ್ತಿದ್ದ ಬಿರುದು ಅದು.

ಸ್ಪಿಟಲ್‌ಫೀಲ್ಡ್ಸ್‌ನಲ್ಲೂ ಹೀಗೆಯೇ. 1929ರ ಹಣ್ಣು ಮತ್ತು ಉಣ್ಣೆ ವಿನಿಮಯ ಕಟ್ಟಡದ ಯೋಜನೆಯನ್ನು ಸ್ಥಳೀಯ ಕೌನ್ಸಿಲ್ ತಿರಸ್ಕರಿಸಿತು. 2012ರಲ್ಲಿ ಆಗಿನ ಲಂಡನ್ ಮೇಯರ್ ಬೋರಿಸ್ ಜಾನ್ಸನ್ ಕೌನ್ಸಿಲಿನ ತೀರ್ಮಾನವನ್ನು ತಳ್ಳಿಹಾಕಿ ಯೋಜನೆಗೆ ಒಪ್ಪಿಗೆ ಕೊಟ್ಟರು. ಈಗ ಮುಖ ಹಳೆಯದು, ಹಿಂದೆ ಆಫೀಸು.

ಬ್ಯಾಟರ್‌ಸೀ ವಿದ್ಯುತ್ ಸ್ಥಾವರವನ್ನು ಇದೇ ಸಾಲಿಗೆ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ. 1983ರಲ್ಲಿ ಮುಚ್ಚಿದ ಮೇಲೆ, ಥೀಮ್ ಪಾರ್ಕ್ ಮಾಡಲು ಹೋಗಿ ಛಾವಣಿ ಕಿತ್ತರು. ದುಡ್ಡು ಮುಗಿಯಿತು, ಕಟ್ಟಡ ವರ್ಷಗಟ್ಟಲೆ ಮಳೆಗೆ ನೆನೆಯಿತು. 2012ರಲ್ಲಿ ಮಲೇಷ್ಯಾದ ಹೂಡಿಕೆದಾರರು 40 ಕೋಟಿ ಪೌಂಡಿಗೆ ಕೊಂಡರು. 2022ರಲ್ಲಿ ತೆರೆದಾಗ ಒಳಗೆ ಫ್ಲ್ಯಾಟು, ಅಂಗಡಿ, ಆ್ಯಪಲ್ ಕಂಪನಿಯ ಆಫೀಸು. ಆದರೆ ಟರ್ಬೈನ್ ಸಭಾಂಗಣ, ನಿಯಂತ್ರಣ ಕೊಠಡಿಗಳನ್ನೂ ದುರಸ್ತಿ ಮಾಡಿದ್ದಾರೆ. ತಮಾಷೆಯೆಂದರೆ, ಎಲ್ಲರೂ ಫೋಟೋ ತೆಗೆಯುವ ನಾಲ್ಕು ಚಿಮಣಿಗಳೇ ಅಲ್ಲಿ ಹೊಸವು. ಹಳೆಯವು ಹಾಳಾಗಿದ್ದರಿಂದ ಇಳಿಸಿ, ಅದೇ ಆಕಾರದಲ್ಲಿ ಮತ್ತೆ ಕಟ್ಟಿದರು.

ಈಚೆಗೆ ಜಗಳ ಸೌಂದರ್ಯದಿಂದ ಇಂಗಾಲದ ಕಡೆಗೆ ತಿರುಗಿದೆ. ಕಟ್ಟಡ ಕಟ್ಟುವಾಗ ಈಗಾಗಲೇ ಗಾಳಿಗೆ ಸೇರಿರುವ ಇಂಗಾಲದ ದೊಡ್ಡ ಪಾಲು ಖರ್ಚಾಗಿರುವುದು ಅಡಿಪಾಯ, ಕಂಬ, ಮಹಡಿಗಳಿಗೆ. ಮುಂಗೋಡೆ ಮಾತ್ರ ಉಳಿಸಿದರೆ ಅವು ಉಳಿಯುವುದಿಲ್ಲ, ಆ ಇಂಗಾಲ ವ್ಯರ್ಥ. ಹೊಸದಕ್ಕೂ ದುರಸ್ತಿಗೂ ತೆರಿಗೆ ಸರಿಸಮ ಮಾಡಿ ಎಂದು ವಾಸ್ತುಶಿಲ್ಪಿಗಳು ಬಹುಕಾಲದಿಂದ ಕೇಳುತ್ತಿದ್ದಾರೆ. ಒಂದಾದ ಮೇಲೊಂದು ಸರ್ಕಾರ ಬಂದರೂ ಅದು ಆಗಿಲ್ಲ.